ನಮ್ಮ ಪಿಕಪ್ಪಿಗೂ ಈಗ ವಾಕಿಂಗ್ ಬೇಕಂತೆ!

ಹೊಸ ಪಿಕಪ್ ತಗೋಬೇಕು ಅನ್ನೋ ಮಾತು ನಮ್ಮನೇಲಿ ಶುರುವಾಗಿದ್ದು ಎರಡು ವರ್ಷದ ಹಿಂದೆ. ಮುಗಿದಿದ್ದು ಈ ಸಲದ ದೀಪಾವಳಿಗೆ. ಅಷ್ಟು ಮಾತುಕತೆಯಲ್ಲಿ ಒಂದು ಮದುವೆಯನ್ನೇ ಮಾಡಿ ಮುಗಿಸಬಹುದಿತ್ತು.

ನಮ್ಮದು ಅಜ್ಜಂಪುರದ ಹತ್ತಿರದ ಹಳ್ಳಿ. ಒಂದಿಷ್ಟು ಅಡಿಕೆ, ತೆಂಗು, ಮಳೆಗಾಲಕ್ಕೆ ಈರುಳ್ಳಿ. 2011ರಲ್ಲಿ ತಗೊಂಡ ಬಿಳಿ ಪಿಕಪ್ಪೇ ನಮ್ಮ ಎತ್ತು, ನಮ್ಮ ಗಾಡಿ, ಊರಿನ ಆಂಬ್ಯುಲೆನ್ಸ್ ಎಲ್ಲ. ನನ್ನ ಎರಡನೇ ಮಗಳ ಹೆರಿಗೆಗೆ ತರೀಕೆರೆಗೆ ಹೋಗಿದ್ದು ಅದರಲ್ಲೇ, ಹಿಂದೆ ಖಾಲಿ ಈರುಳ್ಳಿ ಚೀಲ ಇತ್ತು. ಹಾಗಂತ ಗಾಡಿಗೆ ವಯಸ್ಸಾಗಲ್ವೇ? ಹದಿನೈದು ತುಂಬುತ್ತಾ ಬಂತು. ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಆಮೇಲೆ ಹೊಸ ನಮೂನೆಯ ನಂಬರ್ ಪ್ಲೇಟ್ ಬಂತು. 2019ರ ಏಪ್ರಿಲ್‌ಗಿಂತ ಹಿಂದಿನ ಗಾಡಿಗಳಿಗೂ ಹಾಕಿಸಿ ಅಂತ ನಮ್ಮ ರಾಜ್ಯದಲ್ಲಿ 2023ರಲ್ಲಿ ಆದೇಶ ಆಯ್ತು, ಗಡುವು ಮೇಲಿಂದ ಮೇಲೆ ಮುಂದಕ್ಕೆ ಹೋಯ್ತು. ಮೊಬೈಲಲ್ಲಿ ಕೂತು ಚಾಸಿ ನಂಬರ್ ಹೊಡೆದು, ಓಟಿಪಿಗೆ ಕಾದು, ಪ್ಲೇಟ್ ಬುಕ್ ಮಾಡಿದ್ದು ನಾನೇ. ನಮ್ಮ ಯಜಮಾನರು ಪಕ್ಕದಲ್ಲಿ ನಿಂತು "ಗಾಡಿಗಿಂತ ಪ್ಲೇಟೇ ಗಟ್ಟಿ ಇದೆ" ಅಂದರು.

ಅವರಿಗೆ ಆ ಗಾಡಿ ಬಿಡೋಕೆ ಮನಸ್ಸಿರಲಿಲ್ಲ. ಕಾರಣ ಇದೆ. ಒಂದು ವರ್ಷ ಯಶವಂತಪುರಕ್ಕೆ ಈರುಳ್ಳಿ ಹೊತ್ತು ಹೋಗುವಾಗ ಅರಸೀಕೆರೆ ದಾಟಿದ ಮೇಲೆ, ರಾತ್ರಿ ಹನ್ನೊಂದಕ್ಕೆ, ಡೀಸೆಲ್ ಪೈಪ್ ಒಡೆದು ಗಾಡಿ ನಿಂತಿತ್ತು. ಹಳೇ ಸೈಕಲ್ ಟ್ಯೂಬ್ ಸುತ್ತಿ, ತಂತಿ ಬಿಗಿದು, ಬೆಳಗಿನ ಹರಾಜಿಗೆ ಮುಟ್ಟಿಸಿದ್ದರು. ಆ ದುಡ್ಡಲ್ಲೇ ಮಗನ ಕಾಲೇಜು ಫೀಸು ಕಟ್ಟಿದ್ದು.

ನನ್ನ ಮೈದುನನ ಕಥೆ ಇದಕ್ಕೆ ತದ್ವಿರುದ್ಧ. ಅವನು ಹೊಸ ಗಾಡಿ ತಗೊಂಡು ವರ್ಷ ಆಗಿರಲಿಲ್ಲ. ಈರುಳ್ಳಿ ತುಂಬಿಕೊಂಡು ಹೋಗ್ತಿದ್ದಾಗ ಮೀಟರ್ ಹತ್ರ ಹಳದಿ ದೀಪ ಹತ್ತಿತು. ಆಮೇಲೆ ಗಾಡಿ ಮೂವತ್ತರ ಮೇಲೆ ಓಡಲೇ ಇಲ್ಲ. ಇಂಜಿನ್ ಸರಿಯಾಗೇ ಇದೆ, ಯಾವುದೋ ಸೆನ್ಸರ್ ಮಾತ್ರ ಮುನಿಸಿಕೊಂಡಿದೆ. ಎಳೆಸಿಕೊಂಡು ಹೋಗಿ, ಬಿಡಿಭಾಗ ಬರೋದಕ್ಕೆ ಮೂರು ದಿನ ಕಾದ. ಅಷ್ಟರಲ್ಲಿ ಮಳೆ. ಚೀಲದಲ್ಲೇ ಈರುಳ್ಳಿ ಬೆವೆತು ಮೊಳಕೆ ಬಂತು. "ಅತ್ತಿಗೆ, ಗಾಡಿ ನಂದು, ಬೀಗ ಮಾತ್ರ ಇನ್ಯಾರ ಹತ್ರನೋ ಇದೆ" ಅಂತ ಜಗಲಿ ಮೇಲೆ ಕೂತು ಅವನು ಹೇಳಿದ್ದು ನನಗೆ ಇನ್ನೂ ಮರೆತಿಲ್ಲ.

ಹಾಗಾಗಿ ಕಡೂರಿನ ಶೋರೂಮಿಗೆ ಹೋದಾಗ ನಾವು ಮೂರೂ ಜನರ ತಲೇಲಿ ಮೂರು ಗಾಡಿ. ಮಗನಿಗೆ ದೊಡ್ಡ ಪರದೆಯದು, ಫೋನಿಗೆ ಜೋಡಿಸಿಕೊಂಡರೆ ಗಾಡಿ ಎಲ್ಲಿದೆ ಅಂತ ತೋರಿಸೋದು ಬೇಕು. ಯಜಮಾನರಿಗೆ ಸ್ಪ್ಯಾನರ್‌ಗೆ ಬಗ್ಗೋ ಗಾಡಿ ಬೇಕು. ನನಗೆ ಕಂತು ಕಟ್ಟಲು ಆಗುವಂಥದ್ದು ಬೇಕು, ಯಾಕಂದ್ರೆ ಮುಂಗಡಕ್ಕೆ ಅಡವಿಡೋದು ನನ್ನ ಬಳೆ. ಆ ಹುಡುಗ ಪರದೆ ಬಗ್ಗೆ ಅರ್ಧ ಗಂಟೆ ಹೇಳಿದ. ಯಜಮಾನರು ಕೇಳಿದ್ದು ಒಂದೇ ಮಾತು: "ಇದು ಕೆಟ್ರೆ ಬೀರೂರಲ್ಲಿ ರಿಪೇರಿ ಆಗುತ್ತಾ?" ಅವನು ನಕ್ಕ, ಉತ್ತರ ಹೇಳಲಿಲ್ಲ.

ಉತ್ತರ ಹೇಳಿದ್ದು ಬೀರೂರಿನ ನಮ್ಮ ಮೆಕ್ಯಾನಿಕ್. "ಅಕ್ಕಾ, ಹಳೇ ಗಾಡಿ ನೋವು ಅಂದ್ರೆ ನಾನು ಕಿವಿಯಲ್ಲೇ ಕೇಳ್ತಿದ್ದೆ. ಇವು ಲ್ಯಾಪ್‌ಟಾಪಿಗೆ ಮಾತ್ರ ಹೇಳ್ತಾವೆ." ಅವರೇ ಬಿಡಿಸಿ ಹೇಳಿದರು: 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ಗಾಡಿ ಬಿಟ್ಟು ಬೇರೆ ಹೊಸದು ಮಾರೋ ಹಾಗಿಲ್ಲ, 2023ರಿಂದ ಇನ್ನೂ ಬಿಗಿ. ಹೊಗೆಕೊಳವೆಯಲ್ಲಿ ಮಸಿ ಹಿಡಿಯೋ ಒಂದು ಜಾಲರಿ ಇರುತ್ತೆ. ಮಸಿ ತುಂಬಿದ ಮೇಲೆ ಅದನ್ನ ಅಲ್ಲೇ ಸುಡಬೇಕು, ಸುಮಾರು 600 ಡಿಗ್ರಿ ಕಾವು ಬೇಕು. ತೋಟದಿಂದ ಮನೆಗೆ, ಮನೆಯಿಂದ ಡೇರಿಗೆ ಅಂತ ಎರಡೆರಡು ಕಿಲೋಮೀಟರ್ ಓಡಿಸಿದ್ರೆ ಆ ಕಾವು ಬರೋದೇ ಇಲ್ಲ. ಕೆಲವು ಮಾಡೆಲಿಗೆ ಇದರ ಮೇಲೆ ಯೂರಿಯಾ ನೀರು ಬೇರೆ ಹಾಕಬೇಕು, ನೂರಕ್ಕೆ 32.5 ಪಾಲು ಯೂರಿಯಾ ಇರೋದು. "ಹೊಲಕ್ಕೇ ಯೂರಿಯಾ ಸಿಗಲ್ಲ, ಗಾಡಿಗೆ ಎಲ್ಲಿಂದ ತರೋದು" ಅಂತ ನಮ್ಮ ಮಾವನವರಿಗೆ ಸಿಟ್ಟು. ಅಮೃತಮಹಲ್ ಹೋರಿ ಕಟ್ಟಿದ ಕಾಲದವರು ಅವರು. ಹೈದರಾಲಿಯ ತೋಪು ಎಳೆದ ತಳಿ, ಹುಲ್ಲು ನೀರು ಬಿಟ್ಟು ಏನೂ ಕೇಳ್ತಿರಲಿಲ್ಲ ಅಂತ ಈಗಲೂ ಹೇಳ್ತಾರೆ.

ಸೆಕೆಂಡ್ ಹ್ಯಾಂಡ್ ಬಿಎಸ್-4 ಗಾಡಿ ಹುಡುಕಿದ್ವಿ. ಎಲ್ಲರೂ ಅದನ್ನೇ ಹುಡುಕ್ತಿರೋದು, ಹೇಳೋ ರೇಟು ಕೇಳಿ ವಾಪಸ್ ಬಂದ್ವಿ.

ಇಷ್ಟೆಲ್ಲ ದೂರಿದೆ, ಆದರೂ ಕಾನೂನೆಲ್ಲ ತಪ್ಪು ಅಂತ ನಾನು ಹೇಳಲ್ಲ. ಬೆಂಗಳೂರಲ್ಲಿರೋ ನನ್ನ ಅಕ್ಕನ ಮೊಮ್ಮಗ ಐದು ವರ್ಷಕ್ಕೇ ಇನ್ಹೇಲರ್ ಇಟ್ಕೊಂಡು ಓಡಾಡ್ತಾನೆ. ನಮ್ಮ ಹಳೇ ಗಾಡಿ ಅವರ ಬೀದಿಗೆ ಹೋದಾಗ ಬಿಟ್ಟ ಕಪ್ಪು ಹೊಗೆ ನಾನೇ ನೋಡಿದೀನಿ. ಹೊಸ ಪಿಕಪ್ 80ರ ಮೇಲೆ ಓಡದ ಹಾಗೆ ಕಟ್ಟಿಹಾಕಿರೋದಕ್ಕಂತೂ ನನ್ನ ಮಗನ ಅಮ್ಮನಾಗಿ ಕೈ ಮುಗೀತೀನಿ. ಇನ್ನೊಂದು ಒಳ್ಳೇದೂ ಆಯ್ತು: 7500 ಕೆಜಿ ಒಳಗಿನ ಸಾಗಣೆ ಗಾಡಿ ಓಡಿಸೋಕೆ ಎಲ್‌ಎಂವಿ ಲೈಸೆನ್ಸೇ ಸಾಕು ಅಂತ ಸುಪ್ರೀಂ ಕೋರ್ಟಿನ ಐವರ ಪೀಠ 2024ರ ನವೆಂಬರಲ್ಲಿ ಹೇಳಿತು. ಇನ್ಶೂರೆನ್ಸ್ ಭಯ ಹೋಯ್ತು. ನನ್ನ ತಕರಾರು ಒಂದೇ. ಹೊಗೆ ಕಡಿಮೆ ಮಾಡೋ ಯಂತ್ರ ಕೊಟ್ಟವರು ಅದನ್ನ ರಿಪೇರಿ ಮಾಡೋ ವಿದ್ಯೆಯನ್ನೂ ಬೀರೂರಿನ ತನಕ ಕಳಿಸಬೇಕಿತ್ತು.

ಕೊನೆಗೆ 2025ರ ಸೆಪ್ಟೆಂಬರ್ 22ಕ್ಕೆ ಸಾಗಣೆ ಗಾಡಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳೀತು. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 80 ಸಾವಿರ ಉಳಿತಾಯ. ಅವತ್ತು ಯಜಮಾನರು ತಾವಾಗೇ "ನಡಿ ಕಡೂರಿಗೆ" ಅಂದ್ರು. ಪರದೆ ಇಲ್ಲದ, ಯೂರಿಯಾ ಬೇಡದ, ಕೈಯಲ್ಲಿ ಗಾಜು ತಿರುಗಿಸೋ ಎಲ್ಲಕ್ಕಿಂತ ಸಾದಾ ಮಾಡೆಲನ್ನೇ ಆರಿಸಿದ್ವಿ. ಮಗ ಎರಡು ದಿನ ಮಾತಾಡಲಿಲ್ಲ. ಹಳೇದು ಕೆಎ-18, ಹೊಸದು ತರೀಕೆರೆಯ ಕೆಎ-66. ಹಳೇದನ್ನ ಮಾರಿದ ದಿನ ಯಜಮಾನರು ಊಟ ಸರಿಯಾಗಿ ಮಾಡಲಿಲ್ಲ. ಸೀಟಿನ ಕೆಳಗಿದ್ದ ತಂತಿ ಸುರುಳಿ, ಟ್ಯೂಬಿನ ತುಂಡು ತೆಗೆದು ಹೊಸ ಗಾಡಿಯ ಸೀಟಿನ ಕೆಳಗೆ ಇಟ್ರು. ಅದರಿಂದ ಅಲ್ಲಿ ಏನು ಉಪಯೋಗ ಅಂತ ನಾನು ಕೇಳಲಿಲ್ಲ.

ತಿಂಗಳು ಕಳೆಯೋದ್ರಲ್ಲಿ ಆ ಹಳದಿ ದೀಪ ನಮ್ಮ ಗಾಡೀಲೂ ಹತ್ತಿತು. ನನ್ನ ಎದೆ ಧಸಕ್ ಅಂತು, ಬಳೆ ಇನ್ನೂ ಬ್ಯಾಂಕಲ್ಲೇ ಇದೆ. ಮೆಕ್ಯಾನಿಕ್‌ಗೆ ಫೋನ್ ಮಾಡಿದ್ರೆ, "ಗಾಬರಿ ಬೇಡ ಅಕ್ಕಾ, ಹೈವೇಗೆ ಕರ್ಕೊಂಡು ಹೋಗಿ, ನಿಲ್ಲಿಸದೆ ಇಪ್ಪತ್ತು ನಿಮಿಷ ಓಡಿಸಿ" ಅಂದ್ರು. ಬೀರೂರಿನ ಹತ್ರ ಹೈವೇ ಹತ್ತಿ ತರೀಕೆರೆ ಕಡೆ ಹೊರಟ್ವಿ. ಅರ್ಧ ದಾರೀಲಿ ದೀಪ ಆರಿತು.

ಈಗ ಹದಿನೈದು ದಿನಕ್ಕೊಮ್ಮೆ, ಶನಿವಾರ ಸಂಜೆ, ಗಾಡಿಗೆ ವಾಕಿಂಗ್. ಹಿಂದೆ ಲೋಡಿಲ್ಲ, ಮುಂದೆ ನಾವಿಬ್ಬರೇ. ಡೀಸೆಲ್ ದಂಡ ಅಂತ ಯಜಮಾನರು ಗೊಣಗ್ತಾರೆ. ತರೀಕೆರೇಲಿ ಮೆಣಸಿನಕಾಯಿ ಬೋಂಡ ತಿಂದು, ಮಾವನವರಿಗೂ ಒಂದು ಪೊಟ್ಟಣ ಕಟ್ಟಿಸ್ಕೊಂಡು ವಾಪಸ್ ಬರ್ತೀವಿ.