ಮೇಷ್ಟರ ಹೂಜಿಗಿಡ

ಕೆರಗೋಡಿನ ಮೇಷ್ಟರು ನಿವೃತ್ತರಾಗಿ ಹತ್ತು ವರ್ಷಗಳಾದರೂ ಊರಿಗೆ ಅವರು ಇನ್ನೂ ಮೇಷ್ಟರೇ. ಕಬ್ಬಿಗೆ ರೋಗ ತಗಲಿದರೂ ಕನಕಾಂಬರ ಬಾಡಿದರೂ ಜನ ಅವರ ಜಗುಲಿಯನ್ನು ಹತ್ತುವರು. ಅಂಥವರ ಮಾತನ್ನು ಒಂದು ಗಿಡ ಮಾತ್ರ ಎಂಟು ತಿಂಗಳು ಕೇಳಲಿಲ್ಲ.

ಅವರ ಹೆಂಡತಿ ತೀರಿಕೊಂಡ ವರ್ಷ, ಶ್ರಾವಣದಲ್ಲಿ, ಬೆಂಗಳೂರಿನಲ್ಲಿ ಓದುತ್ತಿದ್ದ ಮೊಮ್ಮಗಳು ತಾತನ ಒಂಟಿತನಕ್ಕೆ ಜೊತೆಯಿರಲೆಂದು ಅದನ್ನು ತಂದುಕೊಟ್ಟಿದ್ದಳು. ಎಲೆಯ ತುದಿಯಿಂದ ಇಳಿದ ಒಂದು ಎಳೆ. ಆ ಎಳೆಯ ಕೊನೆಗೆ ಮುಚ್ಚಳ ಹೊತ್ತ ಪುಟ್ಟ ಹೂಜಿ. ಭಾರತದಲ್ಲಿ ತಾನಾಗಿ ಬೆಳೆಯುವ ಈ ಕುಲದ ಒಂದೇ ಜಾತಿ ಇರುವುದು ಮೇಘಾಲಯದ ಖಾಸಿ, ಜಯಂತಿಯಾ, ಗಾರೋ ಬೆಟ್ಟಗಳಲ್ಲಿ. ಇದು ನರ್ಸರಿಯಲ್ಲಿ ಬೆಳೆದ ಅದರ ದಾಯಾದಿ. ಶಾಸ್ತ್ರದ ಹೆಸರು ನೆಪೆಂಥಿಸ್. ಹೋಮರನ ಒಡಿಸ್ಸಿಯಲ್ಲಿ ದುಃಖವನ್ನು ಮರೆಸುವ ಮದ್ದೊಂದಿದೆ. ಲಿನೇಯಸ್ 18ನೆಯ ಶತಮಾನದಲ್ಲಿ ಆ ಹೆಸರನ್ನೇ ಈ ಗಿಡಕ್ಕಿಟ್ಟ.

"ಹಾಗಾದರೆ ಇದೂ ಒಂದು ಅಶೋಕವೇ ಅನ್ನು" ಎಂದರು ಮೇಷ್ಟರು.

ಅಂದೇ ಅವಳು ಇನ್ನೊಂದು ಮಾತನ್ನೂ ಎತ್ತಿದ್ದಳು: ಮುಂದೆ ಶಿಲ್ಲಾಂಗಿಗೆ ಹೋಗಿ ಸಸ್ಯಶಾಸ್ತ್ರ ಓದುವ ಆಸೆ. "ಅಷ್ಟು ದೂರ ಒಬ್ಬಳೇ ಬೇಡ" ಎಂದು ಮೇಷ್ಟರು ಆ ಮಾತನ್ನು ಅಲ್ಲಿಗೇ ಮುಗಿಸಿದ್ದರು.

ಗಿಡದ ಮೇಲೆ ಅವರ ಅಕ್ಕರೆ ಅತಿಯಾಯಿತು. ಬಿಸಿಲು ಸೋಕದಂತೆ ನಡುಮನೆಯ ಮೂಲೆಯಲ್ಲಿಟ್ಟರು. ಬೇರಿಗೆ ಕೊಟ್ಟಿಗೆ ಗೊಬ್ಬರ ತುಂಬಿದರು. ಎರಡು ಹೊತ್ತೂ ಕೊಳವೆಬಾವಿಯ ನೀರೆರೆದರು. ಹೂಜಿಗಳು ಒಂದೊಂದಾಗಿ ಒಣಗಿದವು. ಹೊಸ ಎಲೆಗಳು ಸೊರಗಿ ಜೋಲುಬಿದ್ದವು; ಎಳೆಯ ತುದಿಯ ಮೊಗ್ಗು ರಾಗಿಕಾಳಿನಷ್ಟಾಗಿ ಕರಟಿಹೋಗುತ್ತಿತ್ತು. "ಇನ್ನೊಂದು ಬೊಗಸೆ ಗೊಬ್ಬರ ಹಾಕಿ ಮೇಷ್ಟ್ರೇ" ಎಂದರು ನೆರೆಯವರು. ಅದೂ ಆಯಿತು.

ಯುಗಾದಿಗೆ ಬಂದ ಮೊಮ್ಮಗಳು ಕುಂಡವನ್ನು ನೋಡಿ, "ತಾತ, ಇದಕ್ಕೆ ಹಸಿವಾಗಿಲ್ಲ, ಕತ್ತಲಾಗಿದೆ" ಎಂದಳು.

ಈ ಗಿಡ ಸಾರವಿಲ್ಲದ ನೆಲದ್ದು. ನೆಲದಲ್ಲಿ ಸಿಗದ ಸಾರಜನಕವನ್ನು ಕೀಟಗಳಿಂದ ಪಡೆಯುತ್ತದೆ. ಹೂಜಿಯೊಳಗಿನ ದ್ರವ ಮೊಟ್ಟೆಯ ಬಿಳಿಯನ್ನೂ ಮಾಂಸದ ಚೂರನ್ನೂ ಕರಗಿಸುವುದನ್ನು 1874ರಲ್ಲಿ ಜೋಸೆಫ್ ಹೂಕರ್ ಪ್ರಯೋಗದಿಂದ ತೋರಿಸಿದ. ಆದರೆ ಕೀಟ ಅದಕ್ಕೆ ಊಟವಲ್ಲ, ಉಪ್ಪಿನಕಾಯಿ; ಊಟವನ್ನು ಎಲ್ಲ ಗಿಡಗಳಂತೆ ಅದೂ ಬೆಳಕಿನಿಂದಲೇ ಮಾಡಿಕೊಳ್ಳಬೇಕು. ಬೆಳಕು ಸಾಲದಾದಾಗ ಎಲೆಯನ್ನಷ್ಟೇ ಉಳಿಸಿಕೊಂಡು ಹೂಜಿಯನ್ನು ಕೈಬಿಡುತ್ತದೆ.

ಗೊಬ್ಬರದ ಮಣ್ಣು ಹೋಗಿ, ಹಲವು ಬಾರಿ ತೊಳೆದು ಉಪ್ಪಿನಂಶ ಕಳೆದ ತೆಂಗಿನ ನಾರು, ಇದ್ದಿಲಿನ ಚೂರು ಬಂದವು: ಬೇರು ತೇವವಾಗಿರಬೇಕು, ಆದರೆ ನೀರಿನಲ್ಲಿ ನಿಲ್ಲಬಾರದು. ಕುಂಡ ಪೂರ್ವದ ಜಗುಲಿಗೆ ಬಂತು. ಅಲ್ಲಿ ಬೆಳಗಿನ ಎಳೆಬಿಸಿಲು. ಮಧ್ಯಾಹ್ನದ ಉರಿಗೆ ಅಡ್ಡವಾಗಿ ನೆನೆಸಿದ ಗೋಣಿತಾಟು. ಅದು ನೆರಳೂ ಆಯಿತು, ಒಣಗಾಳಿಗೆ ತಂಪೂ ಆಯಿತು.

ಉಳಿದದ್ದು ನೀರು. "ಕೊಳವೆಬಾವಿಯದು ಗಡಸು ನೀರು. ಅದರ ಲವಣ ಬೇರಿಗೆ ಆಗದು. ಮಳೆನೀರೇ ಬೇಕು" ಎಂದಳು ಮೊಮ್ಮಗಳು.

ಮೇಷ್ಟರು ಮಾತಾಡಲಿಲ್ಲ. ಆ ನೀರಿನಲ್ಲಿ ತೊಗರಿಬೇಳೆ ಬೇಯದೆಂದು ಹೆಂಡತಿ ಪ್ರತಿ ಮಳೆಗಾಲದಲ್ಲೂ ಸೂರಿನ ಕೆಳಗೆ ಬಾನಿಯಿಟ್ಟು ನೀರು ಹಿಡಿಯುತ್ತಿದ್ದಳು. ಆ ಬಾನಿ ಹಿತ್ತಿಲಿನಲ್ಲಿ ಬೋರಲಾಗಿ ಬಿದ್ದಿತ್ತು. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಕಾಣುವ ಮಂಡ್ಯದ ಸೀಮೆ ಚಿರಾಪುಂಜಿಯಲ್ಲ. ಆದರೆ ಒಂದು ಕುಂಡಕ್ಕೆ ಒಂದು ಬಾನಿ ಸಾಕು. ಮೇಷ್ಟರು ಅದನ್ನು ತಾವೇ ತೊಳೆದು ಸೂರಿನ ಕೆಳಗಿಟ್ಟರು. ಮೊದಲ ಮಳೆಯವರೆಗೆ ಊರಿನ ಶುದ್ಧನೀರಿನ ಘಟಕದಿಂದ ಒಂದು ಚೊಂಬು ನೀರು ತರುವುದಾಯಿತು.

ಒಣಗಿದ ಹೂಜಿಗಳು ಮರಳಿ ಚಿಗುರಲಿಲ್ಲ. ಅವು ಚಿಗುರುವುದೂ ಇಲ್ಲ. ಹೊಸ ಎಲೆಗಾಗಿ ಕಾಯಬೇಕು. ಶ್ರಾವಣದ ಒಂದು ಬೆಳಿಗ್ಗೆ, ಕೆಂಪು ಛಾಯೆಯ ಹೆಬ್ಬೆರಳುದ್ದದ ಹೂಜಿಯೊಂದು ಮುಚ್ಚಳ ತೆರೆದಿತ್ತು. ಅಂಚಿನ ಮೇಲೆ ಒಂದು ಇರುವೆ ಅನುಮಾನಿಸುತ್ತ ನಿಂತಿತ್ತು.

ಮೇಷ್ಟರು ಬೆಂಗಳೂರಿಗೆ ಫೋನು ಮಾಡಿದರು. ಗಿಡದ ಸುದ್ದಿ ಹೇಳಿ ಮುಗಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

"ಶಿಲ್ಲಾಂಗಿನಲ್ಲಿ ಚಳಿ ಬಹಳವೇನವ್ವ? ಕಂಬಳಿ ಇಲ್ಲಿಂದಲೇ ತೆಗೆದುಕೊಂಡು ಹೋಗು."