ಜೇನಿನ ಸೀರೆಯುಟ್ಟ ನೊಣ

ನಮ್ಮ ಹಿತ್ತಿಲು ದೊಡ್ಡದೇನಲ್ಲ. ಬಟ್ಟೆ ಒಗೆಯುವ ಕಲ್ಲು, ಒಂದು ಕರಿಬೇವಿನ ಗಿಡ, ಅತ್ತೆಯವರು ಚಪ್ಪರಕ್ಕೆ ಹಬ್ಬಿಸಿದ ಅವರೆ ಬಳ್ಳಿ, ಬೀಜಕ್ಕೆಂದು ಕೀಳದೆ ಬಿಟ್ಟ ಎರಡು ಸಾಲು ಸಬ್ಬಸಿಗೆ, ಇಷ್ಟೇ. ಕಳೆದ ವರ್ಷ ಪುಷ್ಯಮಾಸದಲ್ಲಿ ಆ ಸಬ್ಬಸಿಗೆ ಹಳದಿ ಕೊಡೆ ಬಿಚ್ಚಿದ ಹಾಗೆ ಹೂ ಬಿಟ್ಟಿತು. ಬಿಟ್ಟಿದ್ದೇ ತಡ, ಅದರ ಮೇಲೆ ಜೇನುಗಳ ಜಾತ್ರೆ!

ಜೇನೆಂದರೆ ನನಗೆ ಜೀವಭಯ. ಅದರ ಹಿಂದಿನ ವರ್ಷ ಮಗನ ಬೆರಳಿಗೆ ಕಚ್ಚಿ, ಕೈ ಮೊಣಕೈವರೆಗೂ ಊದಿಕೊಂಡು, ಒಂದು ರಾತ್ರಿಯೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬೆಳಗು ಮಾಡಿದ್ದೆ. ಸಾಲದ್ದಕ್ಕೆ ಅವರೆಯ ಕುಡಿಗಳಿಗೆಲ್ಲ ಕರೀ ಹೇನು ಮುತ್ತಿತ್ತು. ಔಷಧಿ, ಪಂಪು ಎರಡೂ ತಂದಿಟ್ಟೆ. ಒಂದೇ ಸಲಕ್ಕೆ ಹೇನೂ ಹೋಗಲಿ, ಜೇನೂ ಹೋಗಲಿ ಎಂಬ ಲೆಕ್ಕ.

ಅತ್ತೆ ಕಟ್ಟೆಯ ಮೇಲೆ ಕೂತವರು, "ಅದು ಜೇನಲ್ಲ ಕಣಮ್ಮ. ಜೇನು ಹಂಗೆ ಗಾಳೀಲಿ ನಿಂತ್ಕೊಳ್ಳಲ್ಲ" ಎಂದರು.

ಕಣ್ಣಿಗೆ ಪೊರೆ ಬಂದವರು ನನಗೆ ನೊಣ ತೋರಿಸುತ್ತಾರಲ್ಲ ಎಂದು ಒಳಗೇ ನಕ್ಕೆ. ಮಗ ಮಾತ್ರ ನಗಲಿಲ್ಲ. ಮೊಬೈಲಿನಲ್ಲಿ ಫೋಟೋ ಹಿಡಿದು, ದೊಡ್ಡದು ಮಾಡಿ ತೋರಿಸಿದ. ಜೇನಿಗೆ ನಾಲ್ಕು ರೆಕ್ಕೆ, ಇದಕ್ಕೆ ಎರಡೇ. ಹಿಂದಿನ ರೆಕ್ಕೆಗಳ ಜಾಗದಲ್ಲಿ ಗುಂಡುಸೂಜಿಯಂಥ ಪುಟ್ಟ ಗುಬುಟು, ಹಾರುವಾಗ ತೂಕ ಕಾಯಲು. ಮುಖದ ತುಂಬ ಕಣ್ಣು, ಇದೆಯೋ ಇಲ್ಲವೋ ಎನ್ನುವಂಥ ಚಿಕ್ಕ ಮೀಸೆ. ಕಿತ್ತಳೆ ಹೊಟ್ಟೆಯ ಮೇಲೆ ಕಪ್ಪು ಪಟ್ಟೆಗಳು, ಒಂದು ಅಗಲ, ಒಂದು ಎಳೆಯಷ್ಟು ಸಣ್ಣ, ಜೋಡಿ ಅಂಚಿನ ಸೀರೆಯ ಹಾಗೆ. ಪುಸ್ತಕದಲ್ಲಿ ಹುಡುಕಿದಾಗ ಆ ಜೋಡಿ ಅಂಚೇ ಗುರುತು ಹೇಳಿತು: ಎಪಿಸಿರ್ಫಸ್ ಬಾಲ್ಟಿಯೇಟಸ್. ಇಂಗ್ಲಿಷಿನವರು ಮಾರ್ಮಲೇಡ್ ನೊಣ ಎನ್ನುತ್ತಾರೆ, ಕಿತ್ತಳೆಯ ಮುರಬ್ಬದ ಬಣ್ಣಕ್ಕೆ. ಎರಡು ಕಣ್ಣು ನೆತ್ತಿಯಲ್ಲಿ ಕೂಡಿದ್ದರೆ ಗಂಡು, ನಡುವೆ ಬೈತಲೆಯಷ್ಟು ಜಾಗವಿದ್ದರೆ ಹೆಣ್ಣಂತೆ. ನಮ್ಮ ಹೂವಿನ ಮೇಲಿದ್ದವಳು ಬೈತಲೆಯವಳು.

ಕಚ್ಚಲು ಇದಕ್ಕೆ ಮುಳ್ಳೇ ಇಲ್ಲ. ಹಕ್ಕಿಗಳು ಹೆದರಲೆಂದು ಜೇನು-ಕಣಜಗಳ ವೇಷ, ಅಷ್ಟೆ. ಬಡಪಾಯಿ ಪ್ರಾಣಿಗಳು ಹೀಗೆ ಜೋರಿನವರ ವೇಷ ಹಾಕುವುದನ್ನು ಹೆನ್ರಿ ಬೇಟ್ಸ್ ಎಂಬಾತ ಅಮೆಜಾನ್ ಕಾಡಿನ ಚಿಟ್ಟೆಗಳಲ್ಲಿ ಕಂಡು 1862ರಲ್ಲಿ ಬರೆದನಂತೆ. ನಾನೂ ಹಕ್ಕಿಯಂತೆಯೇ ಮೋಸಹೋಗಿದ್ದೆ, ನೋಡಿ.

ಇಲ್ಲಿಗೆ ಮುಗಿದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಪುಸ್ತಕದ ಮುಂದಿನ ಪುಟದಲ್ಲಿ ಅದರ ಮರಿಯ ಚಿತ್ರವಿತ್ತು. ಕಾಲಿಲ್ಲದ, ತಲೆಯ ಕಡೆ ಚೂಪಾದ, ಹಸಿರು ಲೋಳೆಯಂಥ ಹುಳು. ನೋಡಿದೊಡನೆ ಎದೆ ಧಸಕ್ಕೆಂದಿತು. ಹಿಂದಿನ ನಾಲ್ಕು ದಿನ ಅವರೆ ಕುಡಿಯಿಂದ ಕಡ್ಡಿಯಲ್ಲಿ ಎತ್ತಿ, ಒಗೆಯುವ ಕಲ್ಲಿನ ಮೇಲೆ ಹೊಸಕಿದ್ದು ಅದನ್ನೇ! ಅದು ಎಲೆ ಮುಟ್ಟುವುದಿಲ್ಲ, ಹೇನು ತಿನ್ನುತ್ತದೆ. ಒಂದೊಂದು ಮರಿ ಬೆಳೆಯುವಷ್ಟರಲ್ಲಿ ನೂರಾರು ಹೇನು ಮುಗಿಸುತ್ತದೆ. ತಾಯಿ ಹೂವಿನ ಮಕರಂದ, ಪರಾಗ ಉಂಡು, ಹೇನಿರುವ ಕುಡಿಯನ್ನೇ ಹುಡುಕಿ ಅಲ್ಲಿ ಮೊಟ್ಟೆಯಿಡುತ್ತಾಳೆ. ನಾನು ಮಕ್ಕಳನ್ನು ಕೊಂದು, ತಾಯಿಗೆ ವಿಷ ತಂದಿಟ್ಟಿದ್ದೆ.

ಹೋಗಿ ಅತ್ತೆಯ ಪಕ್ಕ ಕೂತು ಹೇಳಿದೆ. "ನಿಮ್ಮ ಮಾತು ನಿಜ. ನಾನೇ ಕೇಳಲಿಲ್ಲ." ಹದಿನೆಂಟು ವರ್ಷದಲ್ಲಿ ಹಾಗೆ ಹೇಳಿದ್ದು ಅದೇ ಮೊದಲು. ಅವರು ಏನೂ ಅನ್ನಲಿಲ್ಲ. ಮಡಿಲಲ್ಲಿದ್ದ ಅವರೆಕಾಯಿಯಲ್ಲಿ ಅರ್ಧ ನನ್ನ ಮೊರಕ್ಕೆ ಹಾಕಿದರು, ಬಿಡಿಸು ಎಂದು.

ಪಂಪು ಅಂಗಡಿಗೆ ವಾಪಸು ಹೋಯಿತು. ಹೇನು ಪೂರ್ತಿ ಹೋಗಲಿಲ್ಲ ಅನ್ನಿ, ಆದರೂ ಹಿತಕವರೆ ಸಾರಿಗೆ ಕಾಯಿ ಕಡಿಮೆಯಾಗಲಿಲ್ಲ.

ಈ ವರ್ಷವೂ ಸಬ್ಬಸಿಗೆ ಹೂಬಿಟ್ಟಿದೆ. ಅತ್ತೆಗೆ ಈಗ ಅಷ್ಟು ದೂರ ಕಾಣುವುದಿಲ್ಲ. ಬೆಳಗಿನ ಕಾಫಿ ಲೋಟ ಹಿಡಿದು ಕಟ್ಟೆಯಿಂದಲೇ ಕೇಳುತ್ತಾರೆ: "ನಿಂತವೇನಮ್ಮ ಗಾಳೀಲಿ?"

ನಾನು ಎಣಿಸಿ ಹೇಳುತ್ತೇನೆ.