ಆಯಿಯ ಹಗೇವು

ಶಾಲೆಯ ಸ್ಮರಣ ಸಂಚಿಕೆಗೆ ಬರೆಯುವಾಗ ಗುರುಗಳನ್ನು ನೆನೆಯುವುದು ರೂಢಿ. ವರ್ಗದ ಕೋಣೆಯಲ್ಲಿ ನಮಗೆ ಪಾಠ ಹೇಳಿದ ಹಿರಿಯರ ವಿಷಯವಾಗಿ ನನಗಿಂತ ಚೆನ್ನಾಗಿ ಬರೆಯಬಲ್ಲವರು ಇದ್ದಾರೆ. ನಾನಾದರೋ ಒಂದಕ್ಷರವನ್ನೂ ಓದಲರಿಯದಿದ್ದ, ಆದರೂ ನನ್ನ ಬಾಳಿಗೆ ಮೊದಲ ಪಾಠ ಹೇಳಿಕೊಟ್ಟ ನನ್ನ ತಾಯಿಯ ತಾಯಿಯ ಕುರಿತು ನಾಲ್ಕು ಮಾತು ಬರೆಯಬಯಸುತ್ತೇನೆ. ನಮ್ಮ ಕಡೆ ಅಜ್ಜಿಯನ್ನು ಆಯಿ ಎಂದು ಕರೆಯುವುದು ವಾಡಿಕೆ.

ಆಯಿಯ ಊರು ಬಾಗಲಕೋಟೆಯ ಸೀಮೆಯಲ್ಲಿ, ಘಟಪ್ರಭಾ ನದಿಯ ದಂಡೆಯ ಮೇಲಿತ್ತು. ಆಗ ಆ ಭಾಗವೆಲ್ಲ ವಿಜಾಪುರ ಜಿಲ್ಲೆಗೆ ಸೇರಿತ್ತು. ಸೂಟಿ ಬಂದಿತೆಂದರೆ ನಾವು ಮಕ್ಕಳು ಮೋಟಾರು ಇಳಿದು, ಮಾವ ತಂದ ಚಕ್ಕಡಿಯನ್ನೇರಿ ಊರು ಸೇರುತ್ತಿದ್ದೆವು. ದಾರಿಯ ಎರಡೂ ಮಗ್ಗುಲಿಗೆ ಕಣ್ಣು ಹರಿಯುವವರೆಗೆ ಎರೆಹೊಲ. ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಳ್ಳುವ, ಬೇಸಿಗೆಯಲ್ಲಿ ಬಿರಿದು ಬಾಯಿ ತೆರೆಯುವ ಆ ಕಪ್ಪು ಮಣ್ಣಿನಲ್ಲಿ ಹಿಂಗಾರಿಯ ಬಿಳಿಜೋಳ ಬೆಳೆಯುತ್ತಿತ್ತು.

ಕೋಳಿ ಕೂಗುವ ಮೊದಲೇ ಆಯಿ ಬೀಸುಕಲ್ಲಿನ ಮುಂದೆ ಕುಳಿತಿರುತ್ತಿದ್ದಳು. ಕಲ್ಲಿನ ಸದ್ದು, ಅದರೊಡನೆ ಅವಳ ಹಾಡು. ಇವೆರಡೂ ನಮ್ಮ ನಿದ್ದೆಯನ್ನು ಕೆಡಿಸದೆ, ಕೌದಿಯಂತೆ ನಮ್ಮ ಮೇಲೆ ಹೊದೆದುಕೊಳ್ಳುತ್ತಿದ್ದವು. ಎಳ್ಳಮಾವಾಸ್ಯೆಯಂದು ಸಜ್ಜಿರೊಟ್ಟಿ, ಜೋಳದ ಕಡುಬು, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹೋಳಿಗೆಗಳ ಬುತ್ತಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗುತ್ತಿದ್ದೆವು. ನಿಂತ ಬೆಳೆಯಲ್ಲಿ ಚರಗ ಚೆಲ್ಲಿ ಭೂಮಿತಾಯಿಗೆ ಉಣಿಸಿದ ಮೇಲೆಯೇ ನಮ್ಮ ಊಟ. ಹೊಲದ ಅಂಚಿನಲ್ಲಿದ್ದ ಮುತ್ಯಾನ ಸಮಾಧಿಯ ಮುಂದೆಯೂ ಒಂದು ತುತ್ತನ್ನಿಟ್ಟು, ಆಯಿ ಗಳಿಗೆಹೊತ್ತು ಸುಮ್ಮನೆ ಕುಳಿತಿರುತ್ತಿದ್ದಳು.

ಆದರೆ ಆಯಿಯನ್ನು ನೆನೆದಾಗಲೆಲ್ಲ ನನ್ನ ಕಣ್ಣಿಗೆ ಮೊದಲು ಕಟ್ಟುವುದು ಅವಳ ಮನೆಯ ಹಗೇವು. ಇಂದಿನ ವಿದ್ಯಾರ್ಥಿಗಳು ಇದನ್ನು ಕಂಡಿರಲಾರರು. ಎತ್ತರದ ಗರಸು ನೆಲದಲ್ಲಿ, ಬಾಯಿ ಕಿರಿದು ಒಡಲು ಹಿರಿದಾಗುವಂತೆ ತೋಡಿದ ಕಾಳಿನ ನೆಲಗುಳಿಯದು. ಒಳಗೋಡೆಗೆ ಒಣ ಹುಲ್ಲನ್ನು ಒತ್ತಿ, ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ ಆ ಕತ್ತಲೆಯಲ್ಲಿ ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಹಗೇವು ತೆಗೆದ ಕೂಡಲೇ ಯಾರೂ ಒಳಗೆ ಇಳಿಯುವಂತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಮನುಷ್ಯನ ಜೀವವನ್ನೇ ತೆಗೆಯಬಲ್ಲದು. ಬಹಳ ಹೊತ್ತು ಬಾಯಿ ತೆರೆದಿಟ್ಟು, ಅನಂತರ ಆಯಿ ಹಗ್ಗಕ್ಕೆ ಕಟ್ಟಿದ ದೀಪವನ್ನು ತನ್ನ ಕೈಯಾರೆ ಇಳಿಬಿಡುತ್ತಿದ್ದಳು. ಅವಸರ ಮಾಡಿದ ಆಳಿಗೆ, “ದೀಪ ಮೊದಲ ಉಸುರಾಡ್ಲಿ, ಆಮ್ಯಾಲ ನೀ ಇಳಿ” ಎನ್ನುತ್ತಿದ್ದಳು.

೧೯೭೨ರ ಬರಗಾಲವನ್ನು ಕಂಡವರು ಅದನ್ನು ಮರೆಯಲಾರರು. ಹಳ್ಳ ಬಾವಿಗಳು ಬತ್ತಿದವು, ದನಗಳಿಗೆ ಮೇವಿಲ್ಲವಾಯಿತು, ಎಷ್ಟೋ ಕುಟುಂಬಗಳು ಗುಳೆ ಎದ್ದು ಹೋದವು. ಆಗ ಆಯಿ ಹಗೇವು ತೆಗೆಸಿದಳು. ಸೇರಿನ ಮೇಲೆ ಗೋಪುರ ನಿಲ್ಲುವಂತೆ ಅಳೆದು, ಬಂದವರ ಸೆರಗಿಗೆ, ಚೀಲಕ್ಕೆ ಸುರಿದಳು. ಒಯ್ದವರ ಹೆಸರನ್ನಾದರೂ ಬರೆದಿಡೋಣವೆಂದು ಮಾವ ಹೇಳಿದಾಗ, “ಹಸದಾವನ ಹೆಸರ ಬರಕೊಂಡ ಏನ ಮಾಡ್ತಿ? ಉಂಡಾವ ತಾನ ನೆನಸ್ತಾನ” ಎಂದಳು. ಆ ವರ್ಷ ನಮ್ಮ ತಾಟಿನಲ್ಲಿಯೂ ರೊಟ್ಟಿ ಎರಡರಿಂದ ಒಂದಕ್ಕೆ ಇಳಿಯಿತು. ಕೊಟ್ಟದ್ದೆಲ್ಲವೂ ಹಿಂದಿರುಗಿತೆಂದು ನಾನು ಹೇಳಲಾರೆ. ಗುಳೆ ಹೋದವರಲ್ಲಿ ಕೆಲವರು ತಿರುಗಿ ಬರಲೇ ಇಲ್ಲ. ಆಯಿ ಆ ಲೆಕ್ಕವನ್ನು ಎಂದೂ ಎತ್ತಲಿಲ್ಲ.

ಇತ್ತ ೧೯೬೪ರಲ್ಲಿಯೇ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣೆಗೆ ಕಟ್ಟುವ ಅಣೆಕಟ್ಟಿನ ಅಡಿಗಲ್ಲನ್ನಿಟ್ಟಿದ್ದರು. ಕೆಲಸ ನಿಧಾನವಾಗಿ ಸಾಗಿತು. ಊರು ಮುಳುಗುವುದೆಂಬ ಮಾತು ಬಹುಕಾಲ ಕಟ್ಟೆಯ ಮೇಲಿನ ಹರಟೆಯಾಗಿಯೇ ಉಳಿಯಿತು. ಕಡೆಗೊಂದು ದಿನ ನೋಟೀಸು ಬಂದಿತು. ಜನರು ಬಾಗಿಲು, ತೊಲೆ, ಜಂತಿಗಳನ್ನು ಕಳಚಿಕೊಂಡು ಎತ್ತರದ ಪುನರ್ವಸತಿ ಕೇಂದ್ರಕ್ಕೆ ನಡೆದರು. ಎಂಬತ್ತು ದಾಟಿದ್ದ ಆಯಿ ತನ್ನ ಬೀಸುಕಲ್ಲನ್ನು ಚಕ್ಕಡಿಯಲ್ಲಿ ಹೇರಿಸಿದಳು. ಹಗೇವನ್ನು ಹೇರುವುದೆಂತು? ನೆರೆಯವರು ಅಣೆಕಟ್ಟನ್ನು ಶಪಿಸಿದಾಗ ಅವಳು ಅವರೊಡನೆ ದನಿಗೂಡಿಸಲಿಲ್ಲ. “ನೀರಿಲ್ಲದ ಸತ್ತಾವ್ರನ್ನ ನಾ ಕಂಡೀನಿ. ಎಲ್ಲೋ ಒಂದ ಕಡಿ ಬೆಳೀಲಿ ಬಿಡ್ರಿ” ಎಂದಳು. ಅವಳಿಗೆ ಒಂದೇ ಒಂದು ಚಿಂತೆಯಿತ್ತು: ಮುತ್ಯಾನ ಸಮಾಧಿ.

ಹೊಸ ಮನೆಗೆ ಬಂದ ಮರುವರ್ಷ ಆಯಿ ಹಾಸಿಗೆ ಹಿಡಿದಳು. ತನ್ನನ್ನು ಮುತ್ಯಾನ ಮಗ್ಗುಲಿನಲ್ಲಿಯೇ ಮಣ್ಣು ಮಾಡಬೇಕೆಂದು ಮಾವನಿಂದ ಮಾತು ತೆಗೆದುಕೊಂಡಳು. ಅವಳು ಲಿಂಗೈಕ್ಯಳಾದಾಗ ಮನೆಯಲ್ಲಿ ಎರಡು ಮಾತಾದವು. ನಾಳೆ ನೀರು ನಿಲ್ಲುವ ನೆಲದಲ್ಲಿ ಹಿರಿಯಳನ್ನು ಇಡುವುದು ಸರಿಯೇ ಎಂದು ಕೆಲವರು. ಕೊಟ್ಟ ಮಾತು ದೊಡ್ಡದೆಂದು ಕೆಲವರು. ಮಾವ ಯಾರೊಡನೆಯೂ ವಾದಿಸಲಿಲ್ಲ, ಚಕ್ಕಡಿ ಹೂಡಿದ. ಬರಿದಾದ ಊರನ್ನು ಹಾದು ನಾವು ಆ ಹೊಲಕ್ಕೆ ಹೋದೆವು. ಬರಗಾಲದಲ್ಲಿ ಕಾಳು ಒಯ್ದಿದ್ದ ಮನೆಗಳವರು ಬೇರೆ ಬೇರೆ ಪುನರ್ವಸತಿ ಕೇಂದ್ರಗಳಿಂದ ನಡೆದು ಬಂದು ಅಲ್ಲಿ ನಿಂತಿದ್ದರು. ಅವರ ಹೆಸರುಗಳನ್ನು ಯಾರೂ ಬರೆದಿಟ್ಟಿರಲಿಲ್ಲ.

ಮುಂದೆ ೨೦೦೦ದಲ್ಲಿ ಸರ್ವೋಚ್ಚ ನ್ಯಾಯಾಲಯವು ೫೧೯.೬ ಮೀಟರ್ ಮಟ್ಟಕ್ಕೆ ಅನುಮತಿ ನೀಡಿತು. ೨೦೦೬ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಜಲಾಶಯವನ್ನು ನಾಡಿಗೆ ಅರ್ಪಿಸಿದರು. ಆ ನೀರಿನಿಂದ ಒಣಭೂಮಿ ಹಸಿರಾದುದನ್ನು ನಾನು ಕಣ್ಣಾರೆ ಕಂಡು ಸಂತೋಷಪಟ್ಟಿದ್ದೇನೆ. ಆ ಹಸಿರಿಗಾಗಿ ನೆಲ ಬಿಟ್ಟುಕೊಟ್ಟವರ ಸಾಲಿನಲ್ಲಿ ಆಯಿಯೂ ಒಬ್ಬಳು.

ನಮ್ಮ ಶಾಲೆಯ ಶಿಕ್ಷಕ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ಸೂಟಿಗೆ ಹೊರಟ ಮಕ್ಕಳಿಗೆ ಮನೆಪಾಠದೊಂದಿಗೆ ಇದನ್ನೂ ಹೇಳಿರಿ: ಅಜ್ಜಿಯ ಬಳಿ ಕುಳಿತು, ಕಾಳನ್ನು ಅವಳು ಹೇಗೆ ಕಾದಳು, ಯಾರಿಗೆ ಅಳೆದುಕೊಟ್ಟಳು ಎಂದು ಕೇಳಿ ಬರೆದು ತರಲಿ. ಬರೆಯಬಾರದೆಂದು ಆಯಿ ಹೇಳಿದ್ದು ಪಡೆದವರ ಹೆಸರನ್ನು. ಕೊಟ್ಟವರ ಹೆಸರನ್ನು ನಾವು ಬರೆದಿಡಬಹುದು. ಆ ಹಿರಿಯ ಜೀವಕ್ಕೆ ನನ್ನ ಶರಣು.